ಇಂಟರ್‌ವ್ಯೂಗೆ ಮಗ್ಗ ನಿಲ್ಲಿಸಿದ ಓಣಿ

ಬೋರಗಾಂವದ ನಮ್ಮ ಓಣಿಯಲ್ಲಿ ಹುಟ್ಟಿದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಓಣಿಯ ಎರಡೂ ಬದಿಗೆ ಮನೆಗಳು, ಒಂದೊಂದು ಮನೆಯ ಪಡಸಾಲೆಯಲ್ಲೂ ಪಾವರ್‌ಲೂಮ್ ಮಗ್ಗಗಳು. ನಮ್ಮಲ್ಲಿ ನಾಲ್ಕು, ಎದುರುಮನೆ ಕಾಕಾನಲ್ಲಿ ಎಂಟು. ಕರೆಂಟ್ ಇರುವಷ್ಟು ಹೊತ್ತೂ ಖಟಾಖಟ್, ಖಟಾಖಟ್. ಅದರ ನಡುವೆ ಮಾತು ಕೇಳಿಸಬೇಕಾದರೆ ಕೂಗಬೇಕು. ಕೂಗಿದರೂ ಕೇಳಿಸದಿದ್ದರೆ ಕೈಸನ್ನೆ. ಅಂಗೈಯನ್ನು ನೆಲದ ಕಡೆಗೆ ಒತ್ತಿದರೆ ಮಗ್ಗ ನಿಲ್ಲಿಸು ಎಂದರ್ಥ. ಬೆರಳು ಗಿರ್ರನೆ ತಿರುಗಿಸಿದರೆ ಚಾಲೂ ಮಾಡು. ಅಂಗೈ ಎತ್ತಿ ಎದುರಿಗೆ ಹಿಡಿದರೆ ತಡಿ, ಇರಲಿ. ಚಹಾ ಕೇಳುವುದಕ್ಕೂ, ಮನೆಗೆ ಬಂದ ಬೀಗರು ಇನ್ನೂ ಯಾಕೆ ಎದ್ದು ಹೋಗಿಲ್ಲ ಎಂದು ಕೇಳುವುದಕ್ಕೂ ನಮ್ಮಲ್ಲಿ ಸನ್ನೆ ಇತ್ತು.

ಈ ಜೋರು ದನಿ ಒಂದು ದೋಷ ಎಂದು ನನಗೆ ಗೊತ್ತಾದದ್ದು ಪುಣೆಯ ಒಂದು ಇಂಟರ್‌ವ್ಯೂನಲ್ಲಿ. ಗಾಜಿನ ಕೋಣೆ, ಎಸಿ, ಎದುರಿಗೆ ಇಬ್ಬರು. ನಿಮ್ಮ ಬಗ್ಗೆ ಹೇಳಿ ಅಂದರು. ಹೇಳಿದೆ. ಅವರಲ್ಲಿ ಒಬ್ಬರು ಕುರ್ಚಿಯನ್ನು ಹಿಂದಕ್ಕೆ ಸರಿಸಿ, "ಮೇಡಂ, ನಾವು ಇಲ್ಲೇ ಇದ್ದೇವೆ" ಅಂದರು. ಗಾಜಿನಾಚೆ ಕೂತವರೆಲ್ಲ ನನ್ನ ಕಡೆಗೇ ನೋಡುತ್ತಿದ್ದರು. ನನ್ನ ಹೆಸರು, ಊರು, ಮಾರ್ಕ್ಸು ಇಡೀ ಆಫೀಸಿಗೆ ತಿಳಿದುಹೋಗಿತ್ತು, ಕೆಲಸ ಮಾತ್ರ ಸಿಗಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ನಾನು ಕಂಪ್ಯೂಟರ್ ಸೈನ್ಸಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ಅಮೆರಿಕದಲ್ಲಿ ಯಾವುದೋ ಬ್ಯಾಂಕು ಮುಳುಗಿತಂತೆ, ಅದಕ್ಕೆ ನಿಪ್ಪಾಣಿ ಬಸ್ಸಿನಲ್ಲಿ ಫೈಲು ಹಿಡಿದು ಕೂತ ನನಗೆ ಕೆಲಸವಿಲ್ಲ. ಈ ಸಂಬಂಧವನ್ನು ಯಾರೂ ನನಗೆ ಸರಿಯಾಗಿ ಬಿಡಿಸಿ ಹೇಳಲಿಲ್ಲ. ಕೆಲವು ಕಡೆ ಗೇಟಿನಲ್ಲೇ ಜರಡಿ ಹಿಡಿಯುತ್ತಿದ್ದರು. ಇಂಜಿನಿಯರಿಂಗ್ ಆದವರು ಒಳಗೆ, ಬಿ.ಎಸ್ಸಿ.ಯವರು ಮನೆಗೆ. ಒಳಗೆ ಬಿಟ್ಟಲ್ಲಿ ಅನುಭವ ಕೇಳುತ್ತಿದ್ದರು. ಕೆಲಸ ಕೊಟ್ಟರೆ ಅನುಭವ ಬರುತ್ತದೆ ಅಂದರೆ, ಅನುಭವ ಬಂದ ಮೇಲೆ ಬನ್ನಿ ಅನ್ನುತ್ತಿದ್ದರು. ಬೆಂಗಳೂರಿನ ಒಂದು ಕಂಪನಿಯಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಸಾಲಿನಲ್ಲಿ ನಿಲ್ಲಿಸಿ, ಕೊನೆಗೆ ಎಲ್ಲರ ಬಯೋಡಾಟಾ ಒಂದು ರಟ್ಟಿನ ಡಬ್ಬಿಯಲ್ಲಿ ಹಾಕಿಸಿಕೊಂಡರು. ತಿಳಿಸುತ್ತೇವೆ ಅಂದರು. ಆ ಡಬ್ಬಿಯ ಮೇಲೆ ಬಿಸ್ಕಿಟಿನ ಚಿತ್ರವಿತ್ತು. ಈಗಲೂ ಆ ಬಿಸ್ಕಿಟ್ ಕಂಡರೆ ನನಗೆ ಸಿಟ್ಟು ಬರುತ್ತದೆ.

ಅಪ್ಪನಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. ನಾನು ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಗಣಿತ ಕಲಿಸಬೇಕು, ಜೋರು ದನಿ ಅಲ್ಲಿಯಾದರೂ ಉಪಯೋಗಕ್ಕೆ ಬರುತ್ತದೆ ಎನ್ನುವುದು ಅವನ ಲೆಕ್ಕಾಚಾರ. ನಾನು ಅತ್ತೆ, ಜಗಳ ಮಾಡಿದೆ, ಒಂದು ದಿನ ಊಟ ಬಿಟ್ಟೆ. ಕೊನೆಗೆ ಒಂದು ವಾಯಿದೆ ಸಿಕ್ಕಿತು.

"ಮುಂದಿನ ದಸರಾತನಕ ನೋಡು. ಆಮ್ಯಾಲ ಬಿ.ಎಡ್. ಫಾರ್ಮಿಗೆ ಸುಮ್ಮ ಸಹಿ ಮಾಡು," ಅಂದ.

ದಸರೆಗೆ ಇನ್ನು ಎರಡು ತಿಂಗಳು ಇರುವಾಗ ಪುಣೆಯ ಇನ್ನೊಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಿಂದ ಮೇಲ್ ಬಂತು. ಫೋನಿನಲ್ಲೇ ಇಂಟರ್‌ವ್ಯೂ, ಗುರುವಾರ ಮಧ್ಯಾಹ್ನ ಮೂರಕ್ಕೆ. ನಾನು ನಿಪ್ಪಾಣಿಯ ಸೈಬರ್ ಕೆಫೆಯಲ್ಲಿ ಕೂತು ಬೆವರಿದೆ. ನಮ್ಮಲ್ಲಿ ಲೋಡ್‌ಶೆಡ್ಡಿಂಗ್ ಇದ್ದದ್ದು ಬೆಳಿಗ್ಗೆ ಹನ್ನೊಂದರಿಂದ ಒಂದು. ಮಗ್ಗ ನಿಂತು ಊರಲ್ಲಿ ಎಲ್ಲರೂ ಶಪಿಸುವ ಆ ಎರಡು ತಾಸು ನನಗೆ ಬಂಗಾರದಂಥ ಹೊತ್ತು. ಹನ್ನೆರಡಕ್ಕೆ ಮಾಡಲಾದೀತೇ ಎಂದು ಬರೆದೆ. ಆಗುವುದಿಲ್ಲ ಎಂದು ಉತ್ತರ ಬಂತು. ನಿಪ್ಪಾಣಿಯ ಪೇಟೆಯಲ್ಲಿ ಬಸ್ಸು, ಹಾರ್ನುಗಳ ಗದ್ದಲ. ಊರ ಹೊರಗೆ ಹೋಗೋಣವೆಂದರೆ ಮಳೆ, ಕಬ್ಬಿನ ಹೊಲದಲ್ಲಿ ಮೊಣಕಾಲತನಕ ಕೆಸರು.

ಅವ್ವ ನನ್ನನ್ನಾಗಲಿ ಅಪ್ಪನನ್ನಾಗಲಿ ಕೇಳದೆ ಸೆರಗು ಸಿಕ್ಕಿಸಿಕೊಂಡು ಮನೆಮನೆಗೆ ಹೋದಳು. ಅರ್ಧ ತಾಸು ಮಗ್ಗ ನಿಲ್ಲಿಸಿರಿ ಎಂದು ಕೇಳಿದಳು. ಇದು ಸಣ್ಣ ಮಾತಲ್ಲ. ನಮ್ಮಲ್ಲಿ ಕೂಲಿ ನೇಯ್ದ ಬಟ್ಟೆಯ ಮೀಟರಿನ ಲೆಕ್ಕದಲ್ಲಿ, ನಿಂತ ಮಗ್ಗಕ್ಕೆ ಯಾರೂ ಏನೂ ಕೊಡುವುದಿಲ್ಲ. ಆದರೂ ಎದುರುಮನೆ ಕಾಕಾ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದ:

"ಕರೆಂಟ್ ಹೋದ್ರ ಎರಡೆರಡ ತಾಸ ಸುಮ್ಮ ಕುಂದರ್ತೀವಿ. ನಮ್ಮ ಪೋರಿ ಸಲವಾಗಿ ಅರ್ಧಾ ತಾಸ ಕುಂದ್ರಾಕ ಆಗೂದಿಲ್ಲೇನ?"

ಗುರುವಾರ ಮೂರಕ್ಕೆ ಐದು ನಿಮಿಷ ಇರುವಾಗ ಮಗ್ಗಗಳೆಲ್ಲ ನಿಂತವು. ಅಪ್ಪನೂ ನಿಲ್ಲಿಸಿದ, ಆದರೆ ಎಲ್ಲರಿಗಿಂತ ಕೊನೆಗೆ. ಆ ಹೊತ್ತಿನ ಶಾಂತಿ ನನಗೆ ವಿಚಿತ್ರವಾಗಿತ್ತು. ಯಾರದೋ ಮನೆಯ ಕುಕ್ಕರ್ ಸಿಳ್ಳೆ ಹಾಕಿದ್ದು ಕೇಳಿಸಿತು. ಮೂರು ಗಂಟೆ ಆಯಿತು. ಮೂರೂಕಾಲು ಆಯಿತು.

"ಬಂತೇನss?" ಎಂದು ಕಾಕಾ ಕೂಗಿದ.

"ಇಲ್ರಿ ಕಾಕಾss!"

ಇಬ್ಬರ ನಡುವೆ ಹತ್ತು ಮಾರು ದೂರವಿತ್ತು, ಮಗ್ಗ ನಿಂತಿದ್ದವು, ಆದರೂ ಕೂಗಿದೆವು. ಮೂರೂ ಮುಕ್ಕಾಲಿಗೆ ಮೆಸೇಜ್ ಬಂತು. ಅನಿವಾರ್ಯ ಕಾರಣದಿಂದ ಇಂಟರ್‌ವ್ಯೂ ಸೋಮವಾರಕ್ಕೆ ಮುಂದೂಡಲಾಗಿದೆ. ಅಪ್ಪ ಎಲ್ಲರಿಗಿಂತ ಮೊದಲು ಹ್ಯಾಂಡಲ್ ಎಳೆದು ಮಗ್ಗ ಚಾಲೂ ಮಾಡಿದ.

ಸೋಮವಾರ ಮತ್ತೆ ನಿಲ್ಲಿಸಿದರು. ಸೋಮವಾರವೂ ಫೋನ್ ಬರಲಿಲ್ಲ. ಈ ಸಲ ಮೆಸೇಜ್ ಕೂಡ ಮರುದಿನ ಬಂತು.

"ನಿಮ್ಮ ಕಂಪನ್ಯಾಗ ಗಡಿಯಾರ ಇಲ್ಲೇನವಾ?" ಎಂದು ಕಾಕಾ ಕೇಳಿದ. ತಮಾಷೆಗೇ ಕೇಳಿದ್ದ, ಆದರೂ ನನಗೆ ನಾಚಿಕೆಯಿಂದ ನೆಲ ಬಗೆದು ಒಳಗೆ ಹೋಗುವಂತಾಯಿತು. ಕಂಪನಿಯ ಮೇಲೆ ಸಿಟ್ಟು ಬಂತು, ಓಣಿಯ ಒಳ್ಳೆಯತನದ ಮೇಲೂ ಬಂತು. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು.

ಮೂರನೆಯ ಸಲ ಶುಕ್ರವಾರ ನಾಲ್ಕು ಗಂಟೆ ಎಂದು ತಿಳಿಸಿದಾಗ ನಾನು ಯಾರಿಗೂ ಹೇಳಲಿಲ್ಲ, ಅವ್ವನಿಗೂ. ಮಳೆ ನಿಂತಿತ್ತು. ಮೂರೂವರೆಗೆ ಎದ್ದು ಹೊಲದ ಕಡೆ ಹೋಗಿ ಬದುವಿನ ಮೇಲೆ ನಿಂತು ಮಾತಾಡುವುದು ನನ್ನ ಹಂಚಿಕೆ. ಮೂರೂ ಇಪ್ಪತ್ತಕ್ಕೆ ನಾನು ಲಾಳಿಗೆ ಹಾಕುವ ನೂಲು ಸುತ್ತುತ್ತಾ ಕೂತಿದ್ದಾಗ ಫೋನ್ ತೊಡೆಯ ಮೇಲೆ ನಡುಗಿತು. ಎರಡು ಸಲ ಫೋನೇ ಮಾಡದವರು ಮೂರನೆಯ ಸಲ ನಲವತ್ತು ನಿಮಿಷ ಮೊದಲೇ ಮಾಡಿದ್ದರು.

ಫೋನ್ ಕಿವಿಗೆ ಒತ್ತಿಕೊಂಡು, ಇನ್ನೊಂದು ಕಿವಿಯಲ್ಲಿ ಬೆರಳಿಟ್ಟು, ಬರಿಗಾಲಲ್ಲಿ ಓಣಿಗೆ ಓಡಿದೆ. "ಒಂದು ನಿಮಿಷ ಸರ್, ಒಂದೇ ನಿಮಿಷ ಸರ್" ಎಂದು ಕೂಗುತ್ತಿದ್ದೆ. ಆಚೆಯಿಂದ ಏನು ಹೇಳುತ್ತಿದ್ದಾರೋ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಓಣಿಯ ಕೊನೆ ಇನ್ನೂ ದೂರ. ಆಗ ಬಲಕ್ಕೆ ಕಾಕಾನ ಎಂಟು ಮಗ್ಗ ಒಂದೊಂದಾಗಿ ನಿಂತವು. ತಿರುಗಿ ನೋಡಿದರೆ ಕಾಕಾ ಬಾಗಿಲಿಗೆ ಬಂದು, ಎರಡೂ ಅಂಗೈ ನೆಲದ ಕಡೆಗೆ ಒತ್ತುತ್ತಾ ಓಣಿಯ ಉದ್ದಕ್ಕೂ ಸನ್ನೆ ಮಾಡುತ್ತಿದ್ದ. ಅವನನ್ನು ನೋಡಿದವರು ಮುಂದಿನವರಿಗೆ ಮಾಡಿದರು. ನಾನು ಓಡಿದಂತೆ ಎರಡೂ ಬದಿಯ ಸದ್ದು ಅಡಗುತ್ತಾ ಬಂತು. ಅಲ್ಲೇ ನಿಂತೆ.

"ಲೈನ್ ಇದೆಯಾ? ಒಮ್ಮೆಲೇ ಸದ್ದು ನಿಂತಿತಲ್ಲ?" ಎಂದು ಆಚೆಯಿಂದ ಕೇಳಿದರು.

"ಇದೆ ಸರ್. ನಮ್ಮ ಓಣಿಯವರು ಮಗ್ಗ ನಿಲ್ಲಿಸಿದರು ಸರ್."

ನೂಲು ಹರಿದರೆ ಮಗ್ಗಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಅವರು ಕೇಳಿದರು. ಒಂದು ವರ್ಷದಲ್ಲಿ ನನಗೆ ಉತ್ತರ ಪೂರ್ತಿ ಗೊತ್ತಿದ್ದ ಮೊದಲ ಪ್ರಶ್ನೆ ಅದು. ಅಡ್ಡ ಎಳೆಯನ್ನು ಒಂದು ಸಣ್ಣ ಕಡ್ಡಿ ಪ್ರತಿ ಸಲ ಮುಟ್ಟಿ ನೋಡುತ್ತದೆ, ಎಳೆ ಸಿಗದಿದ್ದರೆ ಮಗ್ಗ ತಾನೇ ನಿಲ್ಲುತ್ತದೆ. ಉದ್ದ ಎಳೆ ಹರಿದರೆ ಮಾತ್ರ ನಮ್ಮಪ್ಪನೇ ನೋಡಬೇಕು ಎಂದೆ. ಹಾಗಾದರೆ ಆ ಕಡ್ಡಿಯ ಕೆಲಸವನ್ನು ಪ್ರೋಗ್ರಾಮಿನಲ್ಲಿ ಬರೆಯುವುದು ಹೇಗೆ ಎಂದು ಕೇಳಿದರು. ಬರೆಯುವ ಬಗೆಯನ್ನು ಬಾಯಲ್ಲೇ ಹೇಳಿದೆ. ಅಲ್ಲಿಂದ ಮುಂದೆ ಅರ್ಧ ತಾಸು ಪ್ರಶ್ನೆ ಮೇಲೆ ಪ್ರಶ್ನೆ. ಎರಡು ಪ್ರಶ್ನೆಗೆ ಉತ್ತರ ಗೊತ್ತಿಲ್ಲ ಅಂದೆ. ಓಣಿಯವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, ನಮ್ಮ ಇಂಗ್ಲಿಷಿನ ಒಂದು ಮಾತೂ ತಿಳಿಯದಿದ್ದರೂ. ಆ ಅರ್ಧ ತಾಸು ನಾನು ಹುಟ್ಟಿದ ಮೇಲೆ ಮೊದಲ ಸಲ ಮೆಲ್ಲಗೆ ಮಾತಾಡಿದೆ.

ತಿಳಿಸುತ್ತೇವೆ ಅಂದರು. ಬಿಸ್ಕಿಟಿನ ಡಬ್ಬಿ ಕಣ್ಣ ಮುಂದೆ ಬಂತು.

ಆಮೇಲೆ ಐದು ವಾರ ಸುದ್ದಿಯಿಲ್ಲ. ಓಣಿಗೆ ಕಾಲಿಟ್ಟರೆ ಸಾಕು, ಮಗ್ಗಗಳ ಹಿಂದಿನಿಂದ ಎಲ್ಲರೂ ಹುಬ್ಬು ಹಾರಿಸಿ ಏನಾಯಿತು ಎಂದು ಸನ್ನೆ ಮಾಡುವವರೇ. ನಾನು ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದೆ. ಅಪ್ಪ ಬಿ.ಎಡ್. ಫಾರ್ಮ್ ತಂದು ತನ್ನ ದುಂಡನೆಯ ಅಕ್ಷರದಲ್ಲಿ ತುಂಬಿ, ನನ್ನ ಸಹಿಯ ಜಾಗ ಮಾತ್ರ ಬಿಟ್ಟು, ದೇವರ ಜಗುಲಿಯ ಮೇಲೆ ಇಟ್ಟ. ಜಾತಿ, ಜನ್ಮತಾರೀಖು, ಗುರುತಿನ ಮಚ್ಚೆ, ಒಂದೂ ತಪ್ಪಿರಲಿಲ್ಲ. ಅದನ್ನು ನೋಡಿದಾಗೆಲ್ಲ ನನಗೆ ಅಳು ಬರುತ್ತಿತ್ತು. ಅವನ ಮೇಲೆ ಪ್ರೀತಿಯೂ ಉಕ್ಕುತ್ತಿತ್ತು, ಅದೇ ದೊಡ್ಡ ತೊಂದರೆ.

ದಸರೆಗೆ ಮೂರು ದಿನ ಇತ್ತು. ಇಚಲಕರಂಜಿಯ ವ್ಯಾಪಾರಿಗೆ ಹಬ್ಬದೊಳಗೆ ಬಟ್ಟೆ ಮುಟ್ಟಿಸಬೇಕೆಂದು ಓಣಿಯವರೆಲ್ಲ ಕತ್ತೆತ್ತದೆ ದುಡಿಯುತ್ತಿದ್ದರು. ಮಧ್ಯಾಹ್ನ ನಾನು ಅಪ್ಪನಿಗೆ ಚಹಾ ಕೊಡುತ್ತಿದ್ದಾಗ ಫೋನ್ ಬಂತು. ಪುಣೆಯ ನಂಬರು, ಯಾರೋ ಹೆಂಗಸಿನ ದನಿ. ಏನೂ ಕೇಳಿಸದು. "ಹಲೋ, ಹಲೋ" ಎಂದು ಕೂಗಿದೆ. ಕೆಲಸ ಕೊಟ್ಟರೋ ಇಲ್ಲವೋ, ಅದೂ ತಿಳಿಯದು. ಇಂಥ ಗಡಿಬಿಡಿಯ ದಿನ ಮಗ್ಗ ನಿಲ್ಲಿಸು ಎನ್ನಲು ನನಗೆ ಕೈ ಏಳಲಿಲ್ಲ.

ಅಪ್ಪ ನನ್ನ ಮುಖ ನೋಡಿದ. ಚಹಾದ ಕಪ್ಪು ಕಿಟಕಿಯಲ್ಲಿಟ್ಟು ನಾಲ್ಕೂ ಮಗ್ಗ ನಿಲ್ಲಿಸಿದ. ಬಾಗಿಲಿಗೆ ಹೋಗಿ ಎರಡೂ ಅಂಗೈ ನೆಲದ ಕಡೆಗೆ ಒತ್ತಿದ. ಓಣಿ ನಿಂತಿತು.

"ನೀವು ಆಯ್ಕೆಯಾಗಿದ್ದೀರಿ, ಮುಂದಿನ ತಿಂಗಳ ಒಂದನೇ ತಾರೀಖು ಬನ್ನಿ," ಎಂದು ಆಕೆ ಹೇಳಿದಳು. ಬಹುಶಃ ನಾಲ್ಕನೆಯ ಸಲ ಹೇಳಿದಳು.

"ಏನಂತಾರss?" ಎಂದು ಅಪ್ಪ ಮಗ್ಗದ ದನಿಯಲ್ಲೇ ಕೂಗಿದ.

ಆಕೆಗೂ ಕೇಳಿಸಿತು, ನಕ್ಕಳು. "ನಿಮ್ಮ ತಂದೆಯವರಾ? ಮೊದಲು ಅವರಿಗೆ ಹೇಳಿ."

ಹೇಳಿದೆ. ಮೆಲ್ಲಗೆ ಹೇಳಬೇಕೆಂದಿದ್ದೆ, ಆಗಲಿಲ್ಲ. ಓಣಿಯ ಕೊನೆಯ ಮನೆಯವರೆಗೂ ಕೇಳಿಸಿತು. ಅವ್ವ ಹಿಟ್ಟಿನ ಕೈಯಲ್ಲೇ ಬಂದು ನನ್ನ ಕೆನ್ನೆ ಹಿಡಿದಳು. ಅಪ್ಪ ಜಗುಲಿಯ ಮೇಲಿನ ಫಾರ್ಮ್ ತೆಗೆದು ನಾಲ್ಕಾಗಿ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಹರಿದು ಹಾಕಲು ಅವನಿಗೆ ಮನಸ್ಸಾಗಲಿಲ್ಲ, ಅಷ್ಟು ಚೆನ್ನಾಗಿ ಬರೆದಿದ್ದ.

ಎದುರಿನ ಬಾಗಿಲಿಂದ ಕಾಕಾ ಬೆರಳು ಗಿರ್ರನೆ ತಿರುಗಿಸಿ ಕೇಳಿದ, ಚಾಲೂ ಮಾಡೋಣವೇ ಎಂದು.

ಲಾಳಿ ಒಂದು ಸಲ ಅತ್ತಿಂದಿತ್ತ ಓಡುವಷ್ಟು ಹೊತ್ತೂ ಮಗ್ಗ ಸುಮ್ಮನಿರುವುದನ್ನು ಸಹಿಸದ ಅಪ್ಪ ಅಂಗೈ ಎತ್ತಿ ತೋರಿಸಿದ. ಇರಲಿ, ಇನ್ನೊಂದಿಷ್ಟು ಹೊತ್ತು ಇರಲಿ.