ರೆಕ್ಕೆ ಓಲೆಯ ಆಚಾರಿ

ಚಲಪತಾಚಾರಿಗಳು ಚಿನ್ನವನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ನೋಡುತ್ತಿದ್ದರು. ಒಡವೆಯನ್ನು ಕಲ್ಲಿನ ಮೇಲೆ ಬೀಳಿಸಿ, ತಲೆ ವಾಲಿಸಿ ಕೇಳಿ, "ಸುಳ್ಳಾಡ್ತೈತೆ" ಎಂದೋ "ನಿಜವಂತೆ" ಎಂದೋ ತೀರ್ಪು ಕೊಡುವರು. ಎಪ್ಪತ್ತರ ದಶಕದಲ್ಲಿ ಶ್ರೀನಿವಾಸಪುರದ ಹೈಸ್ಕೂಲಿಗೆ ಚರಿತ್ರೆಯ ಟೀಚರಾಗಿ ಬಂದ ನಾನು ಅವರ ಅಂಗಡಿಯ ಎದುರು ಮನೆಯಲ್ಲಿದ್ದೆ.

ಒಂದು ಭಾನುವಾರ ಕರೆದರು. "ಟೀಚರಮ್ಮಾ, ಸ್ವಲ್ಪ ಬನ್ನಿ. ಇವ್ನು ಯಾವ ರಾಜ ನೋಡಿ."

ಮುಳಬಾಗಿಲು ಕಡೆಯ ವೆಂಕಟಮ್ಮ ಎಂಬ ರೈತ ಹೆಂಗಸು ಅತ್ತೆಯಿಂದ ಬಂದ ಪದಕವನ್ನು ಕರಗಿಸಲು ತಂದಿದ್ದಳು. ಹತ್ತು ದಿನಕ್ಕೆ ಮಗಳ ಮದುವೆ, ಓಲೆ ಆಗಬೇಕಿತ್ತು. ದಪ್ಪ ಚಿನ್ನದ ಕಟ್ಟಿನೊಳಗೆ ಒಂದು ನಾಣ್ಯ. ಒಂದು ಬದಿಗೆ ಎಲೆಗಳ ಕಿರೀಟ ತೊಟ್ಟ ಗಂಡಸು, ಅವನ ಕೆನ್ನೆಯ ಮೇಲೆ ಉಳಿಯ ಗೀರು.

"ನಮ್ ಕಸುಬಿನೋನೇ ಯಾರೋ ಒಳಗೂ ಚಿನ್ನಾನಾ ಅಂತ ನೋಡವ್ನೆ" ಎಂದರು ಆಚಾರಿಗಳು.

ಇನ್ನೊಂದು ಬದಿಗೆ ಚೆಂಡಿನ ಮೇಲೆ ನಿಂತ ರೆಕ್ಕೆಯ ಹೆಣ್ಣು, ಕೈಯಲ್ಲಿ ಹಾರ. ರೆಕ್ಕೆಯ ಸಂದಿಗಳಲ್ಲಿ ಅರಿಸಿನ ಕೂತಿತ್ತು. ಪುಸ್ತಕದಲ್ಲಷ್ಟೇ ನೋಡಿದ್ದ ರೋಮನ್ ನಾಣ್ಯ.

"ಇವಳು ರೋಮಿನವರ ಜಯದೇವತೆ. ಆ ಚೆಂಡೇ ಭೂಮಿ. ಹಾರ ಗೆದ್ದವರಿಗೆ" ಎಂದೆ.

"ನಮ್ಮತ್ತೆ ಲಕ್ಷ್ಮಿ ಅಂತ ಪೂಜೆ ಮಾಡೋರು" ಎಂದಳು ವೆಂಕಟಮ್ಮ. "ರೆಕ್ಕೆ ಯಾಕೆ ಅಂದ್ರೆ, ಲಕ್ಷ್ಮಿ ಒಂದ್ಕಡೆ ನಿಲ್ತಾಳಾ, ಅದ್ಕೇ ಅನ್ನೋರು."

ಆಚಾರಿಗಳು ಊದುಗೊಳವೆ ಕೆಳಗಿಟ್ಟರು. "ಇವಳ್ನ ಕರಗ್ಸಾಕೆ ನನ್ ಕೈಲಾಗಲ್ಲ ತಲ್ಲೀ."

"ಓಲೆ ಇಲ್ದೆ ಮಗೀನ ಬೀಗ್ರ ಮುಂದೆ ಹೆಂಗೆ ಕೂರ್ಸಲಿ?" ಅವಳ ಕಣ್ಣು ತುಂಬಿತು.

ಆಚಾರಿಗಳು ಬಹಳ ಹೊತ್ತು ಪದಕವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನಾಣ್ಯಕ್ಕೆ ಸೋಕದಂತೆ ಸುತ್ತಲಿನ ಕಟ್ಟನ್ನು ಬಿಡಿಸಿದರು. ಆ ಚಿನ್ನದಲ್ಲೇ, ವಾರವಿಡೀ ಕೂತು, ಜೋಡಿ ಓಲೆ ಮಾಡಿದರು. ಒಂದೊಂದರ ಮೇಲೂ ಜೀರಿಗೆಯಷ್ಟು ಸಣ್ಣ ರೆಕ್ಕೆಗಳು. ನಾಣ್ಯ ತೆಳು ಕೊಂಡಿ ಹಾಕಿಸಿಕೊಂಡು ದಾರದಲ್ಲಿ ವೆಂಕಟಮ್ಮನ ಕೊರಳಿಗೇ ಮರಳಿತು. ಮದುವೆಯಲ್ಲಿ ಹುಡುಗಿಯ ಮುಖಕ್ಕಿಂತ ಕಿವಿ ನೋಡಿದವರೇ ಹೆಚ್ಚು. ಮಾವಿನ ಸುಗ್ಗಿ ಮುಗಿಯುವಷ್ಟರಲ್ಲಿ ಊರ ಹೆಂಗಸರೆಲ್ಲ ರೆಕ್ಕೆ ಓಲೆ ಕೇಳತೊಡಗಿದರು. "ರೋಮ್ ಫ್ಯಾಶನ್ನಮ್ಮ" ಎಂದು ಆಚಾರಿಗಳು ಬೀಗುವರು.

ನನಗೆ ಮಾಲೂರಿಗೆ ವರ್ಗವಾಯಿತು. ಎಂಬತ್ತರ ದಶಕದಲ್ಲೊಮ್ಮೆ ಹೋಗಿ ನೋಡಿದಾಗ ಅವರ ಕಣ್ಣು ಮಂಜಾಗಿತ್ತು, ಕೆಲಸ ಬಿಟ್ಟಿದ್ದರು.

"ರೋಮಲ್ಲಿ ಈಗ್ಲೂ ಅಕ್ಕಸಾಲಿಗಳು ಅವ್ರಾ ಟೀಚರಮ್ಮಾ?"

"ಇರ್ತಾರೆ."

"ಅಂಗಾದ್ರೆ ಒಂದು ಕಾರ್ಡು ಬರೀರಿ. ನಿಮ್ಮೋರ ಕೆಲಸ ಭೇಷಾಗೈತೆ, ಉಗುರಗಲ ಜಾಗದಾಗೆ ಗರಿ ಎಣಿಸ್ಬೋದು, ಶ್ರೀನಿವಾಸಪುರದ ಚಲಪತಾಚಾರಿ ನಮಸ್ಕಾರ ಹೇಳವ್ನೆ ಅಂತ."

ಅಲ್ಲೇ ಕಾರ್ಡು ತರಿಸಿ ಬರೆದೆ. ಅವರು ತಡವರಿಸುತ್ತ ತೆಲುಗಿನಲ್ಲಿ ರುಜು ಹಾಕಿದರು. ಮುಂದಿನ ಬೇಸಿಗೆಗೆ ಅವರಿರಲಿಲ್ಲ. ಯಾವ ವಿಳಾಸಕ್ಕೆ ಹಾಕುವುದೆಂದು ತಿಳಿಯದೆ ಆ ಕಾರ್ಡು ನನ್ನ ಬಳಿಯೇ ಉಳಿದಿದೆ.