ಹೂಂರಿ ಅಂದದ್ದಕ್ಕೆ ಬಿದ್ದ ಕೊಡಲಿ

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಒಂದು ಮೊಬೈಲ್ ಕಂಪನಿಯಲ್ಲಿ ಟವರ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಹೊಸ ಟವರ್ ಎದ್ದಲ್ಲೆಲ್ಲ ಜೀಪಿನಲ್ಲಿ ಹೋಗಿ, ಫೋನ್ ಹಚ್ಚಿ ನೋಡಿ, ಮಾತು ಸ್ವಚ್ಛ ಕೇಳುತ್ತದೆ ಎಂದರೆ ಮಾತ್ರ ಅದು ಜನರ ಬಳಕೆಗೆ. ದೇವಣಗಾಂವ ರಸ್ತೆಯ ಒಂದೂರಿನ ಟವರನ್ನೂ ಹಾಗೇ ನೋಡಿದ್ದೆ. ಬುಡದಲ್ಲಿ ನಾನು, ಮುದ್ದೇಬಿಹಾಳದಲ್ಲಿ ನನ್ನ ಜೊತೆಗಾರ. ಎಷ್ಟು ಸಲ ಹಚ್ಚಿದರೂ ತಪ್ಪು ಸಿಗಲಿಲ್ಲ.

ಟವರ್ ಚಾಲೂ ಆದ ಮೇಲೆ ಬಂದ ಮೊದಲ ಸಂತೆಯ ದಿನವೇ ಮಾತು ಕೇಳವಲ್ದು ಅಂತ ದೂರು ಬಂತು. ಬಿಸಿಲು ಇಳಿಯುವ ಹೊತ್ತಿಗೆ ಊರು ಮುಟ್ಟಿದೆ. ಟವರಿನ ಹಿಂದಿನ ಹೊಲದಲ್ಲಿ ಚೀರಾಟ ನಡೆದಿತ್ತು.

ಸಜ್ಜೆ ಕೊಯ್ದ ಹೊಲದ ತುಂಬ ಕುರಿಗಳು ಬಿದ್ದು ಕಾಲು ಝಾಡಿಸುತ್ತಿದ್ದವು. ಬಾಯಲ್ಲಿ ನೊರೆ. ವಯಸ್ಸಾದ ಕುರಿಗಾರನೊಬ್ಬ ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಬಾಯಿಗೆ ಮಜ್ಜಿಗೆ ಹೊಯ್ಯುತ್ತಿದ್ದ. ಅಷ್ಟರಲ್ಲಿ ಹೊಲದ ಒಡೆಯ ಗೌಡರು ಮುದ್ದೇಬಿಹಾಳದಿಂದ ಮೋಟರ್ ಸೈಕಲ್ ಮೇಲೆ ಬಂದಿಳಿದರು.

"ಬಾಜೂ ತೊಗರಿಗೆ ಕೀಡಿ ಸಾಯೋ ಎಣ್ಣಿ ಹೊಡಿಸೇನಿ, ಬದುವಿನ ಹುಲ್ಲಿಗೂ ಬಿದ್ದೈತಿ, ಇವತ್ತ ಕುರಿ ತರಬ್ಯಾಡ ಅಂತ ಫೋನಿನ್ಯಾಗ ಬಡಕೊಂಡ್ನೆಲ್ಲೋ! ಹೂಂರಿ ಹೂಂರಿ ಅಂದಿ!"

"ಒಂದು ಮಾತೂ ಕೇಳಲಿಲ್ರಿ ಗೌಡ್ರ. ಹೊಲಾ ಖಾಲಿ ಆತು, ಕುರಿ ತಗೊಂಡು ಬಾ ಅಂತ ಹೇಳಾಕತ್ತೀರಿ ತಿಳಕೊಂಡು ಹೂಂ ಅಂದೆ."

"ಸುಳ್ಳ ಬೊಗಳಬ್ಯಾಡ!"

ಗೌಡರು ಅವನ ಎದೆಗೆ ಒದ್ದರು. ಮರಿ ತೊಡೆಯಿಂದ ಉರುಳಿತು. ಎದ್ದ ಕುರಿಗಾರನ ಕೈಯಲ್ಲಿ ಸೊಪ್ಪು ಕಡಿಯುವ ಕೊಡಲಿ ಇತ್ತು. ಹಸಿ ಕಟ್ಟಿಗೆ ಸೀಳಿದಂಥ ಸಪ್ಪಳ ಬಂತು. ಗೌಡರ ಹೆಗಲು ಬಾಯಿ ತೆರೆದು ಬಿಳಿ ಅಂಗಿ ಒಮ್ಮೆಲೇ ಕೆಂಪಾಯಿತು. ಅವರ ತಮ್ಮ ಬಡಿಗೆ ಹಿಡಿದು ಓಡಿಬಂದು ಕುರಿಗಾರನ ತಲೆಗೆ ಹೊಡೆದ. ಅವನು ಬಿದ್ದ ಮೇಲೂ ಬಡಿಯುತ್ತಲೇ ಇದ್ದ.

ನಾನು ನಡುವೆ ನುಗ್ಗಿ, "ಹೊಡಿಬ್ಯಾಡ್ರೀ! ತಪ್ಪು ಫೋನಿಂದು ಇರಬೇಕು!" ಅಂದೆ.

ತಮ್ಮ ನನ್ನ ಕೊರಳಪಟ್ಟಿ ಹಿಡಿದ. "ಹೌದಾ? ತೋರಸು."

ಕುರಿಗಾರನ ಫೋನಿನಿಂದಲೇ ಮುದ್ದೇಬಿಹಾಳದ ಜೊತೆಗಾರನಿಗೆ ಹಚ್ಚಿದೆ. ಅಷ್ಟರಲ್ಲಿ ಸಂತೆ ಚದುರಿತ್ತು. "ಹಲೋ, ಹೇಳು, ಕೇಳಾಕತ್ತೈತಿ" ಎಂಬ ಅವನ ಮಾತು ಸುತ್ತ ನಿಂತವರಿಗೂ ಕೇಳುವಷ್ಟು ಸ್ವಚ್ಛವಾಗಿ ಬಂತು. ಆ ದನಿ ಕೇಳಿದಾಗ ಆದಷ್ಟು ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ.

"ಕೇಳಸ್ತೈತಲ್ಲೋ ಮಗನ!"

ಬಡಿಗೆ ನನ್ನ ಪಕ್ಕೆಗೆ ಬಿತ್ತು. ಒಳಗೆ ಏನೋ ಮುರಿದದ್ದು ಕಿವಿಗೇ ಕೇಳಿಸಿತು. ಜನ ಟವರಿನ ಕೋಣೆಯ ಮೇಲೆ ಕಲ್ಲು ಎಸೆದರು, ಕೇಬಲ್ ಕಡಿದರು.

ಸಿಂದಗಿ ಆಸ್ಪತ್ರೆಗೆ ಒಯ್ಯಲು ಇದ್ದದ್ದು ನಮ್ಮ ಜೀಪೊಂದೇ. ಹಿಂದಿನ ಸೀಟಿನಲ್ಲಿ ಗೌಡರು, ಕುರಿಗಾರ ಎದುರುಬದುರು ಒರಗಿದ್ದರು. ಇಬ್ಬರ ರಕ್ತ ಒಂದೇ ಕಡೆ ಹರಿದು ನನ್ನ ಚಪ್ಪಲಿಯಡಿ ಅಂಟುತ್ತಿತ್ತು. ಗೌಡರು ಹಲ್ಲು ಕಚ್ಚಿ ಕೇಳಿದರು: "ಖರೇನ ಕೇಳಿರಲಿಲ್ಲೇನೋ?"

"ಇಲ್ರಿ. ಕೇಳಿದ್ದರ ನನ್ನ ಕುರಿ ನಾನ ಕೊಲ್ತಿದ್ನೇನ್ರಿ?"



ಕಡಿದ ಕೇಬಲ್ ಜೋಡಿಸಿ ಟವರ್ ಮತ್ತೆ ಚಾಲೂ ಆದ ಮೇಲೆ, ಮುಂದಿನ ಸಂತೆಯಲ್ಲಿ, ಪಕ್ಕೆಗೆ ಪಟ್ಟಿ ಸುತ್ತಿಕೊಂಡೇ ಹೋಗಿ, ಎಲ್ಲರೂ ಮಾತಾಡುವ ಹೊತ್ತಿನಲ್ಲಿ ಬೆಳಿಗ್ಗೆಯಿಂದ ಫೋನ್ ಹಚ್ಚುತ್ತ ಕೂತೆ. ತಪ್ಪು ಸಿಕ್ಕಿತು. ಮುದ್ದೇಬಿಹಾಳದ ಕಡೆಯಿಂದ ಮಾತು ಬರುವ ಹಾದಿಗಳು ಹಲವು. ಕೊನೆಯ ಕೆಲವು ಹಾದಿಗಳಲ್ಲಿ ಜೋಡಣೆ ಕೆಟ್ಟು, ಊರಿನಿಂದ ದನಿ ಹೋಗುತ್ತಿತ್ತು, ಆ ಕಡೆಯಿಂದ ಬರುತ್ತಿರಲಿಲ್ಲ. ಮೊದಲಿನವು ತುಂಬಿದಾಗಷ್ಟೇ ಅವು ತೆರೆಯುತ್ತಿದ್ದವು. ನಮ್ಮ ಪರೀಕ್ಷೆಗೆ ಸದಾ ಮೊದಲ ಹಾದಿಯೇ ಸಿಕ್ಕಿತ್ತು. ಎರಡು ಫೋನ್ ಹಿಡಿದು ಸಂತೆ ಕೂಡಿಸಲು ಬರುವುದಿಲ್ಲ.

"ಪರೀಕ್ಷೆ ಪಾಸಾಗಿತ್ತು ಅಂತಷ್ಟೇ ಹೇಳು" ಎಂದರು ಮೇಲಿನ ಸಾಹೇಬರು. ಕೋರ್ಟಿನಲ್ಲಿ ನಾನು ಅದನ್ನೂ ಹೇಳಿದೆ, ಆಮೇಲೆ ಕಂಡದ್ದನ್ನೂ ಹೇಳಿದೆ. ನನ್ನ ನಂತರ ನಿಂತ ಗೌಡರ ಬಲಗೈ ಮೇಲೇಳುತ್ತಿರಲಿಲ್ಲ. ಯಾರೂ ಕೇಳದಿದ್ದರೂ, "ಮೊದಲ ಕಾಲು ಎತ್ತಿದಾಂವ ನಾನ್ರಿ" ಎಂದರು.

ಕುರಿಗಾರನಿಗೆ ಶಿಕ್ಷೆ ಕಡಿಮೆಯಾಯಿತು. ಅವನು ಗೌಡರ ಕಡೆ ತಿರುಗಿ ನೋಡಲಿಲ್ಲ. ಪೊಲೀಸರ ಹಿಂದೆ, ಒಂದು ಕಿವಿ ಮಂದವಾದವನ ಹಾಗೆ ತಲೆ ವಾಲಿಸಿಕೊಂಡು, ಮೆಟ್ಟಿಲಿಳಿದು ಹೋದ.