ಗಂಡನ ಹೆಸರು ಹೇಳದ ವಾರ್ಡು

ಹೊಂಬಾಳಮ್ಮ ಆಸ್ಪತ್ರೆಗೆ ಆಯಾ ಆಗಿ ಸೇರಿ ಹತ್ತೊಂಬತ್ತು ವರ್ಷ. ಅಂದಿನಿಂದಲೂ ಗುತ್ತಿಗೆ ಕೆಲಸವೇ. ಖಾಯಂ ಮಾಡುತ್ತೇವೆ ಅನ್ನುವ ಮಾತು ಚುನಾವಣೆಗೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಿತ್ತು. ಆಸ್ಪತ್ರೆಯ ಹೆಸರು ನಮಗ್ಯಾಕೆ? ಮದ್ದೂರಿಗೂ ಮಳವಳ್ಳಿಗೂ ನಡುವೆ ಎಲ್ಲೋ ಇದೆ ಅಂದುಕೊಳ್ಳಿ. ಹಾಸಿಗೆ ಬದಲಿಸುವುದು, ನೆಲ ಒರೆಸುವುದು, ಏಳಲಾರದವರನ್ನು ರೆಟ್ಟೆ ಹಿಡಿದು ನಡೆಸುವುದು ಅವಳ ಕೆಲಸ. ಅದಕ್ಕಿಂತ ಅವಳು ಮಾಡಬಾರದ್ದರ ಪಟ್ಟಿಯೇ ಉದ್ದ. ಕೇಸ್ ಶೀಟ್ ಮುಟ್ಟಬಾರದು, ಡ್ರಿಪ್ ಮುಟ್ಟಬಾರದು, ದೊಡ್ಡವರು ಮಾತಾಡುವಾಗ ಬಾಯಿ ಹಾಕಬಾರದು. ಮೊದಲೆರಡನ್ನು ಅವಳು ನಿಯತ್ತಾಗಿ ಪಾಲಿಸಿದ್ದಳು. ಮೂರನೆಯದು ಅವಳಪ್ಪನಾಣೆಗೂ ಆಗುವಂಥದ್ದಲ್ಲ.

ಆ ಮಂಗಳವಾರ ಹೆಂಗಸರ ವಾರ್ಡಿನಲ್ಲಿ ಇಬ್ಬರು ಸಣ್ಣತಾಯಮ್ಮಂದಿರಿದ್ದರು. ಕಕ್ಕಸಿನ ಪಕ್ಕದ ನಾಲ್ಕನೇ ಮಂಚದಲ್ಲಿ ಪೂರಿಗಾಲಿಯ ಹೊನ್ನಯ್ಯನ ಹೆಂಡತಿ. ಮೈಯಲ್ಲಿ ರಕ್ತವೇ ಇಲ್ಲ, ಮಂಡ್ಯದಿಂದ ಚೀಲ ಬರಬೇಕು ಎಂದಿದ್ದರು. ಆ ತುದಿಯ ಒಂಬತ್ತನೇ ಮಂಚದಲ್ಲಿ ದೊಡ್ಡಸಿದ್ದಯ್ಯನ ಹೆಂಡತಿ. ಅರವತ್ತರ ಮುದುಕಿ, ಭೇದಿ ಹತ್ತಿಕೊಂಡು ಗ್ಲೂಕೋಸ್ ಹಾಕಿಸಿಕೊಂಡಿದ್ದಳು. ಬೆಳಗಿನಿಂದ ಹತ್ತು ಸಲ ಅಷ್ಟುದ್ದದ ವಾರ್ಡು ದಾಟಿ ಕಕ್ಕಸಿಗೆ ಹೋಗಿ ಬಂದು ಮುದುಕಿ ಹಣ್ಣಾಗಿಹೋಗಿದ್ದಳು.

"ಬಾರವ್ವ, ಇಲ್ಲಿ ಮನೀಕೊ," ಎಂದು ಹೊಂಬಾಳಮ್ಮ ಅವಳನ್ನು ನಾಲ್ಕಕ್ಕೆ ತಂದು ಮಲಗಿಸಿದಳು. ನಾಲ್ಕರವಳು ಮರುಮಾತಿಲ್ಲದೆ ಒಂಬತ್ತಕ್ಕೆ ಹೋದಳು. ಮಂಚದ ತಲೆಗೆ ನೇತುಹಾಕಿದ್ದ ಕೇಸ್ ಶೀಟುಗಳು ಮಾತ್ರ ಇದ್ದಲ್ಲೇ ಉಳಿದವು. ಅವನ್ನು ಮುಟ್ಟಬಾರದಲ್ಲ! ಸಿಸ್ಟರ್‌ಗೆ ಹೇಳಿದರಾಯಿತು ಅಂದುಕೊಂಡಳು. ಅಷ್ಟರಲ್ಲಿ ಡ್ಯೂಟಿ ಬದಲಾಯಿತು, ಮೂಲೆಯಲ್ಲಿ ಯಾರೋ ವಾಂತಿ ಮಾಡಿಕೊಂಡರು, ಹೇಳುವುದು ಮರೆತೇಹೋಯಿತು.

ಮಧ್ಯಾಹ್ನ ರಕ್ತದ ಚೀಲ ಬಂತು. ಚೀಟಿಯಲ್ಲಿ 'ಸಣ್ಣತಾಯಮ್ಮ ಕೋಂ ಹೊನ್ನಯ್ಯ' ಎಂದಿತ್ತು. ಚೀಲ ಹಿಡಿದು ಬಂದವಳು ನರ್ಸ್ ದೀಪಿಕ, ಕೆಲಸಕ್ಕೆ ಸೇರಿ ಇನ್ನೂ ಎಂಟು ತಿಂಗಳು. ರಕ್ತ ಹಾಕುವಾಗ ಇಬ್ಬರು ನೋಡಬೇಕು ಎನ್ನುತ್ತದೆ ನಿಯಮ. ಮೂವತ್ತು ಮಂಚಕ್ಕೆ ಇದ್ದವಳು ಅವಳೊಬ್ಬಳೇ. ಎರಡನೆಯವಳನ್ನು ಎಲ್ಲಿಂದ ತರುತ್ತಾಳೆ? ಚೀಟಿ ನೋಡಿದಳು, ನಾಲ್ಕನೇ ಮಂಚದ ಶೀಟು ನೋಡಿದಳು, ಎರಡೂ ಸರಿಹೋದವು.

"ಅಜ್ಜೀ, ಸಣ್ಣತಾಯಮ್ಮ ಅಲ್ವಾ?"

"ಊಂ ಕಣವ್ವ."

"ಯಜಮಾನರ ಹೆಸರು?"

ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ನಲವತ್ತು ವರ್ಷ ಸಂಸಾರ ಮಾಡಿದರೂ ಆ ಹೆಸರು ಅವಳ ನಾಲಗೆಗೆ ಬಂದಿರಲಿಲ್ಲ.

"ಹೊನ್ನಯ್ಯ ಅಲ್ವಾ?" ದೀಪಿಕಳೇ ಚೀಟಿ ಓದಿದಳು.

ಮುದುಕಿಗೆ ನಾಚಿಕೆ ಇನ್ನೂ ಇಳಿದಿರಲಿಲ್ಲ, ಸುಸ್ತು ಬೇರೆ. ಕೇಳಿಸಿಕೊಂಡಳೋ ಇಲ್ಲವೋ, ಸೆರಗಿನೊಳಗಿಂದಲೇ "ಊಂ" ಅಂದಳು. ಸಿಸ್ಟರ್ ಏನು ಕೇಳಿದರೂ ಊಂ ಅನ್ನುವುದೇ ಮರ್ಯಾದೆ ಎಂದು ತಿಳಿದ ಜೀವ ಅದು. ದೀಪಿಕ ರಕ್ತ ಜೋಡಿಸಿದಳು. ಪಕ್ಕದಲ್ಲೇ ನಿಲ್ಲಬೇಕಿತ್ತು, ಹೆರಿಗೆ ಕೋಣೆಯಿಂದ ಕೂಗು ಬಂತು, ಓಡಿದಳು.

ಹೊಂಬಾಳಮ್ಮ ಬಾಗಿಲಲ್ಲಿ ನೆಲ ಒರೆಸುತ್ತಿದ್ದವಳು ತಲೆಯೆತ್ತಿದಾಗ ನಾಲ್ಕನೇ ಮಂಚದ ಮೇಲೆ ಕೆಂಪು ಚೀಲ ಕಂಡಿತು. ಸದ್ಯ, ಸಣ್ಣತಾಯಮ್ಮನಿಗೆ ರಕ್ತ ಬಂತು ಅಂದುಕೊಂಡಳು. ಮರುಕ್ಷಣವೇ ನೆನಪಾಯಿತು, ನಾಲ್ಕರಲ್ಲಿ ಈಗ ಮಲಗಿರುವುದು ಭೇದಿಯ ಮುದುಕಿ! ಕೈಲಿದ್ದ ಕೋಲು ದಡಾರನೆ ಬಿತ್ತು.

"ಸಿಸ್ಟ್ರೇ! ಸಿಸ್ಟ್ರೇ!"

ಓಗೊಡುವವರಿಲ್ಲ. ಮಂಚದ ಹತ್ತಿರ ಹೋದರೆ ಮುದುಕಿಯ ಹಲ್ಲು ಕಟಕಟ ಅನ್ನುತ್ತಿದ್ದವು. "ಯಾಕೋ ಚಳಿ ಕಣವ್ವ. ಸೊಂಟ ಇಡ್ಕಂಡದೆ," ಎಂದಳು.

ಹೆರಿಗೆ ಕೋಣೆಗೆ ಓಡಿ ಕರೆತರಲು ಎರಡು ನಿಮಿಷವಾದರೂ ಬೇಕು. ಕೊಳವೆಯಲ್ಲಿ ಹನಿ ಬೀಳುತ್ತಲೇ ಇತ್ತು. ಮುಟ್ಟಿದರೆ ಕೆಲಸ ಹೋಗುತ್ತದೆ. ಮುಟ್ಟಿ ಎಡವಟ್ಟಾದರೆ ಜೈಲೇ. ಕೊಳವೆಯ ಪುಟ್ಟ ಚಕ್ರವನ್ನು ನರ್ಸುಗಳು ತಿರುಗಿಸುವುದನ್ನು ಸಾವಿರ ಸಲ ಕಂಡಿದ್ದಳು. ಯಾವ ಕಡೆಗೆ ಅನ್ನುವುದು ಈಗ ಹಾಳಾದ್ದು ನೆನಪಿಗೇ ಬರುತ್ತಿಲ್ಲ! ಮೇಲಕ್ಕೆ ತಳ್ಳಿದಳು, ಹನಿ ಜೋರಾಯಿತು. "ಅಯ್ಯೋ ನನ್ ಕೈ ಸೇದೋಗ!" ಎಂದು ಕೆಳಕ್ಕೆ ಎಳೆದಳು. ಹನಿ ನಿಂತಿತು. ಆಮೇಲೆ ಅವಳು ಕೂಗಿದ ಕೂಗಿಗೆ ಗೇಟಿನಾಚೆಯ ಎಳನೀರಿನವನೂ ಎದ್ದು ನಿಂತನಂತೆ.

ಡಾಕ್ಟರ್ ಕೃಷ್ಣಪ್ರಸಾದ್ ಓಡಿಬಂದು ಚೀಲ ತೆಗೆಸಿ, ಸೂಜಿ ಬದಲಿಸಿ, ಮುದುಕಿಯ ಬಳಿಯೇ ಕೂತರು. ಸಂಜೆಯವರೆಗೂ ಅವರ ಮುಖ ಸಡಿಲಾಗಲಿಲ್ಲ. ಬೇರೆ ಗುಂಪಿನ ರಕ್ತ ಮೈಗೆ ಹೋಗಿದೆ, ಮೂತ್ರದ ಬಣ್ಣ ಕೆಂಪಗಾದರೆ ಹೇಳು ಎಂದಿದ್ದರು. ಹೊಂಬಾಳಮ್ಮ ಪ್ರತಿ ಸಲವೂ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮಾರನೇ ಬೆಳಿಗ್ಗೆ ಮುದುಕಿ ಕಾಫಿ ಕೇಳಿದಾಗ ಹೊಂಬಾಳಮ್ಮ ಗೋಡೆಗೊರಗಿ ಗಳಗಳ ಅತ್ತುಬಿಟ್ಟಳು. ಒಂಬತ್ತಕ್ಕೆ ಹೋಗಿದ್ದ ಹೊನ್ನಯ್ಯನ ಹೆಂಡತಿಗೂ ಆ ದಿನವೇ ಬೇರೆ ಚೀಲ ಬಂತು.

ಆಯಾ ಜೀವ ಉಳಿಸಿದಳು ಎಂದು ಎಲ್ಲರೂ ಹೊಗಳಿದರು. ನೋಟಿಸು ದೀಪಿಕಳಿಗೆ ಬಂದಿತ್ತು. ಮಂಚ ಬದಲಿಸಿದ್ದು ಯಾರು ಅಂತ ಯಾರೂ ಕೇಳಿರಲಿಲ್ಲ. ತಾನು ಸುಮ್ಮನಿದ್ದರೆ ಸುಮ್ಮನಾಗಿಯೇ ಹೋಗುತ್ತಿತ್ತು. ಬಟ್ಟೆ ಕೋಣೆಯಲ್ಲಿ ಆ ಹುಡುಗಿ, "ಶೀಟು ನೋಡಿದ್ದೆ ಕಣಮ್ಮ, ಹೆಸರೂ ಕೇಳಿದ್ದೆ, ಹೊನ್ನಯ್ಯ ಅಲ್ವಾ ಅಂದ್ರೆ ಅಜ್ಜಿ ಊಂ ಅಂದ್ರು," ಎಂದು ಬಿಕ್ಕುವಾಗ ಹೊಂಬಾಳಮ್ಮ ಹೊದಿಕೆ ಮಡಿಸುತ್ತಲೇ ಇದ್ದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಶುಕ್ರವಾರ ವಿಚಾರಣೆ. ಮಂಡ್ಯದಿಂದ ಬಂದಿದ್ದ ಡಾಕ್ಟರ್ ದೀಪಶ್ರೀ ಪೆನ್ನು ತೆರೆದರು. "ಹೆಸರು?"

"ಹೊಂಬಾಳಮ್ಮ."

"ಗಂಡನ ಹೆಸರು?"

ಹೊಂಬಾಳಮ್ಮ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಗಂಡ ಸತ್ತು ಆರು ವರ್ಷವಾಗಿತ್ತು, ಆದರೂ ಹೊರಡಲಿಲ್ಲ. ಅಭ್ಯಾಸಬಲದಿಂದ ಪಕ್ಕದಲ್ಲಿದ್ದ ದೀಪಿಕಳ ಮುಖ ನೋಡಿದಳು, ಅವಳಾದರೂ ಹೇಳಲಿ ಎಂದು.

"ಹೇಳಿ ಅಮ್ಮ, ತುಂಬ ಕೆಲಸ ಇದೆ."

"ಇದೇ ಕಣ್ ಮೇಡಮ್ಮೋರೆ ಅವತ್ತೂ ಆಗಿದ್ದು!" ಎಂದಳು ಹೊಂಬಾಳಮ್ಮ. "ಇಪ್ಪತ್ ದಪ ಕೇಳಿ, ನನ್ ಬಾಯಲ್ಲಿ ಬರಾಕಿಲ್ಲ. ನೀವೇ ಒಂದ್ ಎಸ್ರು ಓದುದ್ರೆ ನಾನೂ ಊಂ ಅಂತೀನಿ. ಆ ಅಜ್ಜಿನೂ ಅಂಗೇ ಅಂದ್ಲು. ಈ ಮಗಿಂದೇನೂ ತೆಪ್ಪಿಲ್ಲ. ಮಂಚ ಬದ್ಲಾಯಿಸ್ದೋಳು ನಾನು. ಕೇಸ್ ಸೀಟು ಬದ್ಲಾಯಿಸ್ನಿಲ್ಲ, ಸಿಸ್ಟ್ರಿಗೆ ಏಳ್ನೂ ಇಲ್ಲ. ತೆಗೀತೀರಾ, ನನ್ನ ತೆಗೀರಿ."

ದೀಪಶ್ರೀ ಪೆನ್ನು ಕೆಳಗಿಟ್ಟರು. "ಹಾಗಾದರೆ ಏನು ಕೇಳಬೇಕಮ್ಮ ನಾವು?"

"ಅವ್ವನ ಎಸ್ರು ಕೇಳಿ. ಯಾವ ಎಂಗ್ಸಾದ್ರೂ ಬಾಯ್ತುಂಬ ಏಳ್ತಾಳೆ."

ದೀಪಶ್ರೀ ಮತ್ತೆ ಪೆನ್ನೆತ್ತಿಕೊಂಡು, ಕಾಗದದಲ್ಲಿದ್ದ 'ಗಂಡನ ಹೆಸರು' ಎಂಬ ಸಾಲನ್ನು ಹೊಡೆದುಹಾಕಿ, ಅದರ ಮೇಲೆ ಬೇರೆ ಏನೋ ಬರೆದು ತಲೆಯೆತ್ತಿದರು.

"ತಾಯಿ ಹೆಸರು?"

"ಪಟ್ಟಲಮ್ಮ," ಎಂದಳು ಹೊಂಬಾಳಮ್ಮ, ಹೊರಗಿನ ವಾರ್ಡಿಗೂ ಕೇಳಿಸುವಂತೆ.